ಗಟ್ಟಿಮೇಳದ ಅಡಿಯಲ್ಲಿ ಸಿಕ್ಕಿದ ಮಾತು

ನಾನು ಮದುವೆ ವಿಡಿಯೊ ತೆಗೆಯೋನು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ನಮ್ಮ ಸ್ಟುಡಿಯೊ. ಈ ಕಸುಬು ಹಿಡಿದು ಮೂವತ್ತು ವರ್ಷದ ಮೇಲಾಯ್ತು. ಇಷ್ಟು ವರ್ಷದಲ್ಲಿ ನಗು ಬಾರದೆ ಮುಗಿದ ವಾರ ಅಂತ ಒಂದೂ ಇಲ್ಲ. ಮದುವೆ ಮನೆಯವರು ಗಂಭೀರವಾಗಿ ಏನೋ ಕೇಳ್ತಾರೆ, ನಾವೂ ಗಂಭೀರವಾಗಿ ಏನೋ ಮಾಡ್ತೀವಿ, ಕೊನೆಗೆ ನೋಡಿದರೆ ಅದು ಇನ್ನೇನೋ ಆಗಿರುತ್ತೆ.

ಅದರಲ್ಲೂ ಈಚೆಗೆ ಬಂದಿರೋ ಯಂತ್ರಗಳು ಇವೆಯಲ್ಲ, ಅವು ನನ್ನ ಬಾಯಿ ಕಟ್ಟಿಸಿಬಿಟ್ಟಿವೆ. ನಾನು ಶುರು ಮಾಡಿದಾಗ ಕ್ಯಾಮರಾ ಹೆಗಲ ಮೇಲೆ ಹೊರಬೇಕಿತ್ತು. ಲೈಟ್ ಹಾಕಿದರೆ ಮದುಮಗಳ ಮುಖ ಬೆವತು, ಹಚ್ಚಿದ ಪೌಡರೆಲ್ಲ ಕತ್ತಿಗೆ ಇಳಿದು ಬರೋದು. ಈಗ ಅಂಗೈ ಅಗಲದ ಕ್ಯಾಮರಾ. ನಾನು ಓಡಿದರೂ ಚಿತ್ರ ಅಲುಗಲ್ಲ. ಡ್ರೋನು ಮೇಲೆ ಹೋಗಿ ಇಡೀ ಕಲ್ಯಾಣ ಮಂಟಪಕ್ಕೆ ಒಂದು ಸುತ್ತು ಹಾಕಿ, ತಾನೇ ವಾಪಸ್ ಬಂದು ನನ್ನ ಕಾಲ ಹತ್ತಿರ ಇಳಿಯುತ್ತೆ. ನಾನು ಈಗಲೂ ಅದನ್ನು ಬಾಯಿ ಬಿಟ್ಕೊಂಡೇ ನೋಡೋದು.

ಕಂಪ್ಯೂಟರ್ ವಿಷಯ ಅಂತೂ ಕೇಳಲೇಬೇಡಿ. ಒಂದು ಜೋಡಿ ತ್ಯಾವರೆಕೊಪ್ಪ ಸಫಾರಿಯ ಹುಲಿ ಜೊತೆ ಮದುವೆಗೆ ಮುಂಚಿನ ವಿಡಿಯೊ ಬೇಕು ಅಂತ ಹಟ ಹಿಡಿದಿತ್ತು. ಹುಲಿ ಪಕ್ಕ ಯಾರು ಬಿಡ್ತಾರೆ ಮಾರಾಯ್ರೇ? ಇಬ್ಬರನ್ನೂ ಸ್ಟುಡಿಯೊದಲ್ಲೇ ಹಸಿರು ಪರದೆ ಮುಂದೆ ನಿಲ್ಲಿಸಿದೆವು. ಹುಲಿಯನ್ನು ಕಂಪ್ಯೂಟರೇ ಹುಟ್ಟಿಸಿಕೊಟ್ಟಿತು, ಮೀಸೆ ಸಮೇತ. ಅದು ಆಕಳಿಸಿದ್ದು ನೋಡಿ ನಾನು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಗಂಡಿನ ಅಜ್ಜಿ ಬಂದು ಪೂರ್ತಿ ನೋಡಿ ಹೇಳಿದ್ದು ಇಷ್ಟೇ: "ಹುಲಿ ಪಕ್ಕ ನಿಂತು ಹೀಗೆ ನಗ್ತಾಳೆ ಅಂದ್ರೆ, ಈ ಹುಡುಗಿ ನಮ್ಮನೇಲಿ ಬಾಳ್ತಾಳೆ ಬಿಡು."

ಆದರೆ ಈ ವರ್ಷ ನಡೆದ ಕ್ಯಾಸೆಟ್ಟಿನ ಪ್ರಸಂಗದ ಮುಂದೆ ಹುಲಿ ಏನೂ ಅಲ್ಲ. ಅದು ಒಂದೇ ದಿನ ಮುಗಿದಿದ್ದಲ್ಲ, ಕಂತು ಕಂತಾಗಿ ನಮ್ಮನ್ನು ನಗಿಸಿದ್ದು. ಅದಕ್ಕೇ ನಡೆದ ಹಾಗೇ ಒಂದೊಂದಾಗಿ ಹೇಳ್ತೀನಿ.

೧. ಕುಂಕುಮ ಹಚ್ಚಿಸಿಕೊಂಡ ಕ್ಯಾಸೆಟ್ಟು

ಭದ್ರಾವತಿ ನ್ಯೂ ಟೌನಿನಿಂದ ಒಬ್ಬರು ಹಿರಿಯರು ಮಗಳ ಜೊತೆ ಬಂದರು. ಎಂಬತ್ತು ದಾಟಿದ ವಯಸ್ಸು, ಬಿಳಿ ಪಂಚೆ, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಜೀವಮಾನವೆಲ್ಲ ಹಿಟ್ಟಿನ ಗಿರಣಿ ನಡೆಸಿದವರು. ಮೊದಲ ದಿನದಿಂದಲೂ ನಮ್ಮ ಸ್ಟುಡಿಯೊದಲ್ಲಿ ಅವರು 'ಗಿರಣಿಯವರು' ಅಂತಲೇ. ಮಗಳು ಹೈಸ್ಕೂಲ್ ಟೀಚರ್, ಮಾತು ಖಡಕ್ಕು.

"ಕಾಫಿ ತರಿಸ್ಲಾ ಸರ್?" ಅಂದೆ. ಗಿರಣಿಯವರು ಹೂಂ ಅನ್ನೋ ಹಾಗೆ ತಲೆ ಆಡಿಸಿದರು.

"ಇಲ್ಲಾ, ಟೀ ತರಿಸ್ಲಾ?" ಅದಕ್ಕೂ ಆಡಿಸಿದರು.

ಎರಡೂ ತರಿಸಬೇಕೇನೋ ಅಂತ ನಾನು ಯೋಚನೆ ಮಾಡುವಾಗ ಮಗಳು ಹೇಳಿದರು, "ಸರ್, ಅಪ್ಪ ತಲೆ ಆಡಿಸಿದ್ರೆ ಕೇಳಿಸ್ತು ಅಂತ ಅರ್ಥ ಅಲ್ಲ. ಗಿರಣಿ ಸದ್ದಲ್ಲಿ ಕಿವಿ ಮಂದ ಆಗಿ ನಲವತ್ತು ವರ್ಷ ಆಯ್ತು. ಕಿವಿಗೆ ಮಿಷನ್ ಕೊಡಿಸಿದೀನಿ. ಬ್ಯಾಟರಿ ಸವೆಯುತ್ತೆ ಅಂತ ಆಫ್ ಮಾಡಿಟ್ಕೊಂಡಿರ್ತಾರೆ."

ನ್ಯೂ ಟೌನಿನ ಗಿರಣಿಗೆ ಕನ್ನಡದವರು, ತಮಿಳರು, ತೆಲುಗಿನವರು, ಉರ್ದು ಮಾತಾಡೋರು ಎಲ್ಲರೂ ಬರ್ತಾರೆ. ಯಾರು ಯಾವ ಭಾಷೆಯಲ್ಲಿ ಕೂಗಿ ಹೇಳಿದರೂ ಆ ಸದ್ದಿನಲ್ಲಿ ಕೇಳಬೇಕಲ್ಲ? ಗಿರಣಿಯವರು ಎಲ್ಲರಿಗೂ ತಲೆ ಆಡಿಸಿ, ಡಬ್ಬಿಯಲ್ಲಿರೋ ಕಾಳು ನೋಡಿ, ಹದವಾಗಿ ಬೀಸಿಕೊಟ್ಟಿದಾರೆ. ಗಿರಣಿಯಲ್ಲಿ ನಡೆದದ್ದು ಮನೆಯಲ್ಲೂ ಅಭ್ಯಾಸ ಆಗಿಹೋಯ್ತು.

ಮಗಳು ಅಪ್ಪನ ಕಿವಿ ಹಿಂದಿನ ಗುಂಡಿ ಒತ್ತಿದರು. ಗಿರಣಿಯವರು ತಾವೇ ವಿಷಯ ಹೇಳಿದರು.

"ಇದು ಇವಳ ಮದುವೆ ಕ್ಯಾಸೆಟ್ಟು. ತಾಳಿ ಕಟ್ಟೋ ಹೊತ್ತಲ್ಲಿ ನನ್ನ ಹೆಂಡ್ತಿ ನನ್ನ ಕಡೆ ತಿರುಗಿ ಏನೋ ಹೇಳ್ತಾಳೆ. ಮೂರು ಮಾತು. ಮೂರಕ್ಕೂ ನಾನು ತಲೆ ಆಡಿಸಿದೀನಿ, ಕೇಳಿಸಿರ್ಲಿಲ್ಲ. ಆಮೇಲೆ ಟೀವೀಲಿ ಹಾಕಿ ನೋಡ್ದಾಗ, ಏನೇ ಹೇಳ್ದೆ ಅಂತ ಕೇಳ್ದೆ. 'ಹೂಂ ಅಂದಿದೀರಲ್ಲ, ಕೊಟ್ಟ ಮಾತು ನಡೆಸಿ' ಅಂತ ನಕ್ಳು. ಎಷ್ಟು ಸಲ ಕೇಳಿದ್ರೂ ಅದೇ ಉತ್ತರ. ಅವಳು ಹೋಗಿ ಆರು ವರ್ಷ ಆಯ್ತು."

ಡಬ್ಬಿಯ ಮುಚ್ಚಳ ಸವರಿದರು. "ಕಾಶಿಗೆ ಕರ್ಕೊಂಡು ಹೋಗಿ ಅಂದಿದ್ಲೋ ಏನೋ. ನಾನು ಗಿರಣಿ ಬಿಟ್ಟು ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ. ಏನಕ್ಕೆ ಹೂಂ ಅಂದಿದೀನಿ ಅಂತ ನಂಗೆ ಗೊತ್ತಾಗ್ಬೇಕು. ಕೈಲಾದ್ರೆ ಈಗ್ಲಾದ್ರೂ ಮಾಡ್ತೀನಿ."

ನಾನು ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಒಳಗಿದ್ದ ಕ್ಯಾಸೆಟ್ಟಿನ ಚೀಟಿಯ ಮೇಲಿದ್ದದ್ದು ನನ್ನದೇ ಕೈಬರಹ. ನಾನು ಈ ಕಸುಬಿಗೆ ಇಳಿದ ಹೊಸದರಲ್ಲಿ ತೆಗೆದ ಮದುವೆ ಅದು. ಸಂತೋಷಪಡೋಣ ಅಂದರೆ, ಕ್ಯಾಸೆಟ್ಟಿನ ತುಂಬಾ ಅರಿಶಿನ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು.

"ಆಯುಧಪೂಜೆ ದಿನ ಗಿರಣಿಗೆ ಹಚ್ಚಿ ಇದಕ್ಕೂ ಹಚ್ತೀನಿ. ವರ್ಷಾ ವರ್ಷಾ," ಅಂದರು ಗಿರಣಿಯವರು.

ನಾನು ಹೆದರುತ್ತಲೇ ಕೇಳಿದೆ, "ಮೇಲುಗಡೆ ತಾನೇ ಹಚ್ಚೋದು?"

"ಇಲ್ಲಪ್ಪ. ಮುಂದಿನ ಮುಚ್ಚಳ ಎತ್ತಿದ್ರೆ ಒಳಗೆ ಕರೀ ಪಟ್ಟಿ ಕಾಣುತ್ತಲ್ಲ, ಅದಕ್ಕೆ. ಹೊರಗೆ ಹಚ್ಚಿದ್ರೆ ಡಬ್ಬಕ್ಕೆ ಹಚ್ಚಿದ ಹಾಗಾಗುತ್ತೆ. ಅವಳಿರೋದು ಪಟ್ಟೀಲಿ."

೨. ಅಬ್ಬಾನ ಡೆಕ್ಕು

ನಮ್ಮ ಎಡಿಟರ್ ವಿಷಯ ಹೇಳಬೇಕು. ಮೂವತ್ತೆಂಟು ವಯಸ್ಸು, ಎರಡು ಮಕ್ಕಳ ತಂದೆ, ಗಾಂಧಿ ಬಜಾರಿನ ಹಿಂದಿನ ಬೀದಿಯವನು. ಮನೆಯಲ್ಲಿ ದಖ್ನಿ ಉರ್ದು, ನನ್ನ ಹತ್ತಿರ ಕನ್ನಡ, ಕಂಪ್ಯೂಟರ್ ಹತ್ತಿರ ಬೈಗುಳ. ಹೊಸದಾಗಿ ಯಾವ ಸಾಫ್ಟ್‌ವೇರ್ ಬಂದರೂ ಅವನಿಗೆ ಮೊದಲು ಗೊತ್ತು. ಈ ಕ್ಯಾಸೆಟ್ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಅಣ್ಣಾ, ನಮ್ಮ ಕಂಪ್ಯೂಟರಲ್ಲಿ ಇದನ್ನ ಎಲ್ಲಿ ಚುಚ್ಚೋದು?" ಅಂದ.

ಕ್ಯಾಸೆಟ್ ಹಾಕೋ ವಿಸಿಆರ್ ಇಡೀ ಬಜಾರಿನಲ್ಲಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಎಡಿಟರ್ ಮನೆಯಲ್ಲೇ. ಅವನ ಅಬ್ಬಾ ಒಂದು ಕಾಲದಲ್ಲಿ ಊರಿನ ವಿಸಿಆರ್‌ಗಳನ್ನೆಲ್ಲ ರಿಪೇರಿ ಮಾಡಿದ ಮೆಕ್ಯಾನಿಕ್. ಈಗ ಎಪ್ಪತ್ತೈದರ ಹತ್ತಿರ. ಅವರು ಡೆಕ್ಕು ಅನ್ನೋ ಆ ವಿಸಿಆರ್ ಮೇಲೆ ಬಟ್ಟೆ ಹೊದಿಸಿ, ಬಟ್ಟೆ ಮೇಲೆ ಫ್ಯಾಮಿಲಿ ಫೋಟೊ ಇಟ್ಟಿದ್ದರು. ಮನೆಯವರೆಲ್ಲ ಅದನ್ನು ಟೇಬಲ್ ಅಂದುಕೊಂಡಿದ್ದರಂತೆ.

ಅಬ್ಬಾ ಕ್ಯಾಸೆಟ್ ನೋಡಿ ಹುಬ್ಬು ಗಂಟು ಹಾಕಿದರು. "ಇದು ಹೀಗೇ ಹಾಕಿದ್ರೆ ಡೆಕ್ಕೂ ಹೋಯ್ತು, ಟೇಪೂ ಹೋಯ್ತು. ನಾಲ್ಕು ದಿನ ಬಿಡಿ ಭಾಯಿ."

ನಾನು ಮೂರನೇ ದಿನ ಹೋಗಿ ನೋಡಿದೆ. ಬಾಗಿಲ ಬೆಳಕಿನಲ್ಲಿ ಚಾಪೆ ಹಾಸಿಕೊಂಡು, ಕ್ಯಾಸೆಟ್ ಬಿಚ್ಚಿ, ಟೇಪನ್ನು ಗೇಣು ಗೇಣು ಎಳೆದು, ಹಳೇ ಮಲ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಾ ಕೂತಿದ್ದರು. ಒರೆಸಿದ ಕುಂಕುಮ ನೆಲಕ್ಕೆ ಬೀಳದ ಹಾಗೆ ಕೆಳಗೆ ಪೇಪರ್ ಹಾಸಿದ್ದರು. ಅಷ್ಟನ್ನೂ ಒಂದು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. "ಯಾರದೋ ಪೂಜೆದು ಇದು. ಕಸಕ್ಕೆ ಹಾಕೋಕೆ ನಂಗೆ ಮನಸ್ಸು ಬರ್ಲಿಲ್ಲ."

ಎಲ್ಲಾ ಹೊಸ ಯಂತ್ರ ನೋಡಿ ಬೆರಗಾಗೋ ನಾನು ಅವತ್ತು ಆ ಕೈಗಳನ್ನು ನೋಡಿ ಬೆರಗಾದೆ. ನಡುಗೋ ಕೈ, ಆದರೆ ಟೇಪು ಹಿಡಿದ ತಕ್ಷಣ ನಡುಕ ನಿಲ್ಲೋದು. ನಾಲ್ಕನೇ ದಿನ ಡೆಕ್ಕಿನ ಮೇಲಿದ್ದ ಫೋಟೊ ಇಳಿಸಿ, ಕ್ಯಾಸೆಟ್ ಒಳಗೆ ತಳ್ಳಿದರು. ಗರ್ ಅಂತ ಸದ್ದಾಗಿ, ಟೀವಿಯಲ್ಲಿ ಮಸುಕು ಮಸುಕಾಗಿ ಮಂಟಪ ಕಾಣಿಸಿತು. ಎಡಿಟರ್ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡ.

ಹೊರಡುವಾಗ ಅಬ್ಬಾ ಕರೆದು ಹೇಳಿದರು, "ಅವರಿಗೆ ಒಂದು ಮಾತು ಹೇಳಿ. ಇನ್ಮೇಲೆ ಪೂಜೆ ಹೊರಗಿಂದಲೇ ಮಾಡ್ಲಿ. ದೇವರು ತಡ್ಕೋತಾನೆ, ಡೆಕ್ಕಿನ ಹೆಡ್ಡು ತಡ್ಕೊಳಲ್ಲ."

೩. ಎಲ್ಲರಿಗೂ ಹಲ್ಲು ಕೊಟ್ಟ ಯಂತ್ರ

ಚಿತ್ರ ಬಂತು, ಆದರೆ ಪೂರ್ತಿ ಮಸುಕು. ಅದರ ಮೇಲೆ ನನ್ನ ಅಂದಿನ ಕಲೆ ಬೇರೆ. ಮದುಮಗಳು ತಾವರೆ ಹೂವಿನಿಂದ ಹೊರಗೆ ಬರ್ತಾಳೆ, ಮದುಮಗ ಹೃದಯದ ಒಳಗೆ ಗಿರಗಿರ ತಿರುಗ್ತಾನೆ. ಅಡಿಗೆ ಭಟ್ಟರನ್ನೂ ಒಂದು ನಕ್ಷತ್ರದಲ್ಲಿ ಕೂರಿಸಿದ್ದೆ. ನೋಡೋಕೆ ಅಂತ ಅಪ್ಪನ ಜೊತೆ ಬಂದಿದ್ದ ಟೀಚರಮ್ಮ, "ಇದನ್ನೆಲ್ಲ ನೀವೇ ಮಾಡಿದ್ದಾ ಸರ್?" ಅಂದರು. ನನಗೆ ತಲೆ ಎತ್ತೋಕೆ ನಾಚಿಕೆ ಆಯ್ತು.

"ಈಗ ನೋಡಿ ಅಣ್ಣಾ," ಅಂತ ಎಡಿಟರ್ ಒಂದು ಗುಂಡಿ ಒತ್ತಿದ. ಹಳೇ ಮುಖಗಳನ್ನು ಸ್ಪಷ್ಟ ಮಾಡೋ ಎಐ ಅದು. ನಮ್ಮ ಕಣ್ಣೆದುರಿಗೇ ಮಸುಕು ಸರಿಯಿತು. ಸೀರೆಯ ಜರಿ ಎಳೆ ಎಳೆಯಾಗಿ ಕಾಣಿಸಿತು. ತೆಂಗಿನಕಾಯಿಯ ಜುಟ್ಟು ಕಾಣಿಸಿತು. ಮೂವತ್ತು ವರ್ಷದ ಹಿಂದೆ ನಾನೇ ಕಣ್ಣಾರೆ ನೋಡಿದಾಗಲೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ನನಗೆ ಕೈ ಮುಗಿಯೋಣ ಅನ್ನಿಸಿತು.

ಅಷ್ಟರಲ್ಲಿ ಪುರೋಹಿತರು ಬಾಯಿ ತೆರೆದರು. ಆ ಪುರೋಹಿತರಿಗೆ ಮುಂದಿನ ಹಲ್ಲು ಒಂದೂ ಇರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ. ಯಂತ್ರ ಅವರಿಗೆ ಮೂವತ್ತೆರಡನ್ನೂ ಕೊಟ್ಟಿತ್ತು, ಹೊಳೆಯೋ ಹಲ್ಲು. ಎಲೆಯಡಿಕೆ ಹಾಕಿ ಕೂತಿದ್ದ ಬೀಗರ ಬಾಯಿಯೂ ಬೆಳ್ಳಗಾಗಿತ್ತು. ಮಂಟಪದಲ್ಲಿ ಕೂತವರೆಲ್ಲ ಟೂತ್‌ಪೇಸ್ಟ್ ಜಾಹೀರಾತಿಗೆ ಬಂದ ಹಾಗಿದ್ದರು.

ಗಿರಣಿಯವರ ಹೆಂಡತಿ ಬಂದರು. ನುಣುಪು ಕೆನ್ನೆ, ತಣ್ಣನೆ ಕಣ್ಣು, ಒಂದು ಮುಗುಳ್ನಗೆ. ಗಿರಣಿಯವರು ಕನ್ನಡಕ ಒರೆಸಿ ನೋಡಿದರು.

"ಯಾರಮ್ಮ ಇವರು?"

"ಅಮ್ಮ ಕಣಪ್ಪ," ಅಂದರು ಮಗಳು.

"ಅಲ್ಲ. ನಿಮ್ಮಮ್ಮ ನನ್ನನ್ನ ಇಷ್ಟು ಶಾಂತವಾಗಿ ಒಂದಿನಾನೂ ನೋಡಿಲ್ಲ."

ಎಡಿಟರ್ ಎಐ ಪ್ರಮಾಣವನ್ನು ನೂರರಿಂದ ಇಳಿಸುತ್ತಾ ಬಂದ. ಎಂಬತ್ತು, ಅರವತ್ತು, ನಲವತ್ತು. ಗಿರಣಿಯವರು ಮೂಗು ಪರದೆಗೆ ತಾಗೋ ಹಾಗೆ ಬಗ್ಗಿ ಕೂತು, "ಇನ್ನೂ ಸ್ವಲ್ಪ ಸಿಟ್ಟು ಬರ್ಲಿ, ಇನ್ನೂ ಸ್ವಲ್ಪ," ಅಂತ ಹೇಳ್ತಾ ಹೋದರು. ಹದಿನೈದಕ್ಕೆ ಬಂದಾಗ ಹುಬ್ಬಿನ ಮಧ್ಯೆ ಒಂದು ಗೆರೆ ಮೂಡಿತು. ಗಿರಣಿಯವರು ಗಡಬಡಿಸಿ ನೆಟ್ಟಗೆ ಕೂತು ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು.

"ಹಾಂ, ನಿಲ್ಸಿ. ಈಗ ಬಂದ್ಲು."

೪. ನಾದಸ್ವರ ಮಾತಾಡಿದ್ದು

ಇನ್ನು ಮಾತು. ಕಷ್ಟ ಇದ್ದದ್ದೇ ಅಲ್ಲಿ. ತಾಳಿ ಕಟ್ಟೋ ಹೊತ್ತಿಗೆ ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಅಂತ ಕೂಗ್ತಾರಲ್ಲ, ವಾಲಗದವರು ಇರೋ ಉಸಿರನ್ನೆಲ್ಲ ಹಾಕಿ ಊದ್ತಾರೆ. ಆ ಗಳಿಗೆಯಲ್ಲಿ ಯಾರ ಬಾಯಿಂದ ಬಂದ ಕೆಟ್ಟ ಮಾತೂ ಯಾರ ಕಿವಿಗೂ ಬೀಳಬಾರದು ಅಂತಲೇ ಅದನ್ನು ಮಾಡಿರೋದು. ಹಿರಿಯರು ಮಾಡಿಟ್ಟ ಏರ್ಪಾಡು ಎಷ್ಟು ಗಟ್ಟಿ ಅಂತ ನನಗೆ ಆವತ್ತು ತಿಳೀತು. ಗಿರಣಿಯವರ ಹೆಂಡತಿ ಬಾಯಿ ತೆರೆದದ್ದು ಸರಿಯಾಗಿ ಆ ಗಳಿಗೆಗೆ.

ತಪ್ಪು ನನ್ನದೂ ಇತ್ತು, ಮುಚ್ಚಿಡಲ್ಲ. ಆಗಿನ ಕ್ಯಾಮರಾಕ್ಕೆ ಅದರ ಮೇಲಿರೋದೊಂದೇ ಮೈಕು. ನಾನು ನಿಂತಿದ್ದು ವಾಲಗದವರ ಪಕ್ಕದಲ್ಲೇ, ಯಾಕಂದರೆ ಫ್ಯಾನು ಅಲ್ಲಿತ್ತು.

ಬೇರೆ ಬೇರೆ ಸದ್ದುಗಳನ್ನು ಬಿಡಿಸಿಕೊಡೋ ಎಐ ಇದೆ. ಎಡಿಟರ್ ಅದಕ್ಕೆ ಆ ತುಣುಕು ಕೊಟ್ಟ. ಯಂತ್ರ ಒಂದು ನಿಮಿಷ ಯೋಚನೆ ಮಾಡಿ ಡೋಲು ಬೇರೆ, ಜನರ ಗದ್ದಲ ಬೇರೆ, ಫ್ಯಾನಿನ ಸದ್ದು ಬೇರೆ ಮಾಡಿಟ್ಟಿತು. ಮೊರದಲ್ಲಿ ಕೇರಿ ಕಲ್ಲು, ಹೊಟ್ಟು, ಅಕ್ಕಿ ವಿಂಗಡಿಸಿದ ಹಾಗೆ. ಇಷ್ಟು ವರ್ಷ ನಾನು ಒಂದೇ ಗಲಾಟೆ ಅಂದುಕೊಂಡದ್ದರ ಒಳಗೆ ಇಷ್ಟೆಲ್ಲ ಇತ್ತಾ ಅಂತ ಮೈ ಜುಮ್ಮೆಂದಿತು. ಕೊನೆಯ ಸಾಲಿನ ಮುಂದೆ 'ಮಹಿಳೆಯ ಧ್ವನಿ' ಅಂತ ಬರೆದಿತ್ತು.

ಗಿರಣಿಯವರನ್ನೂ ಮಗಳನ್ನೂ ಕರೆಸಿದೆವು. ಗಿರಣಿಯವರಿಗೆ ಕೇಳಿಸದಿದ್ದರೆ ಇರಲಿ ಅಂತ, ಮಾತನ್ನು ಅಕ್ಷರದಲ್ಲಿ ಬರೆದು ತೋರಿಸೋ ಗುಂಡಿಯನ್ನೂ ಎಡಿಟರ್ ಒತ್ತಿದ. ಸ್ಪೀಕರಿನಲ್ಲಿ ಪೀ ಅಂತ ನಾದಸ್ವರ ಬಂತು. ಯಂತ್ರ ಆ ಪೀಪೀಯನ್ನೇ ಹೆಂಗಸಿನ ದನಿ ಅಂದುಕೊಂಡುಬಿಟ್ಟಿತ್ತು. ನಿಲ್ಲಿಸು ನಿಲ್ಲಿಸು ಅಂತ ನಾನು ಹೇಳೋದರೊಳಗೆ ಪರದೆಯ ಮೇಲೆ ದಪ್ಪಕ್ಷರ ಮೂಡಿತು: 'ಬಾ. ಬಾ. ಬೇಗ ಬಾ.'

ಗಿರಣಿಯವರು ಅದನ್ನು ಎರಡು ಸಲ ಓದಿದರು. ಆಮೇಲೆ ಎಡಿಟರ್ ಕಡೆ ತಿರುಗಿ ನಿಧಾನವಾಗಿ ಹೇಳಿದರು, "ಅದಕ್ಕೆ ಉತ್ತರ ಕಳ್ಸೋಕಾಗುತ್ತಾ ನೋಡಪ್ಪ. ಮೊಮ್ಮಗಂದು ಮದುವೆ ಒಂದು ಬಾಕಿ ಇದೆ, ಮುಗಿಸ್ಕೊಂಡು ಬರ್ತೀನಿ ಅಂತ ಬರಿ."

೫. ಮೂವತ್ತೇಳು ಜಿಲೇಬಿ

"ಅಣ್ಣಾ, ಯಂತ್ರಕ್ಕೆ ಆಯಮ್ಮನ ದನಿ ಹೇಗಿತ್ತು ಅಂತ ಮೊದಲು ತೋರಿಸ್ಬೇಕು," ಅಂದ ಎಡಿಟರ್. ಇಂಥವರ ದನಿ ಬೇಕು ಅಂತ ಹತ್ತು ಸೆಕೆಂಡಿನ ಮಾದರಿ ಕೊಟ್ಟರೆ, ಎಂಥ ಗದ್ದಲದಲ್ಲಿದ್ದರೂ ಅದನ್ನು ಹುಡುಕಿ ತೆಗೆಯೋ ಹೊಸ ಎಐ ಬಂದಿದೆಯಂತೆ. ಆದರೆ ಆ ತಾಯಿಯ ದನಿ ಬೇರೆಲ್ಲೂ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತೋ ಫೋನು.

"ಮಗಳ ದನಿ ತಾಯಿ ಥರ ಇರಬಹುದು," ಅಂದೆ ನಾನು.

ಟೀಚರಮ್ಮ ಅಪ್ಪನ ಜೊತೆ ಬಂದು ಮೈಕಿನ ಮುಂದೆ ಕೂತರು. ಪೇಪರ್ ಕೊಟ್ಟು ಓದಿ ಅಂದೆವು. ಅವರು ನೆಟ್ಟಗೆ ಕೂತು, ಅಡಿಕೆ ಧಾರಣೆಯನ್ನು ಪ್ರಾರ್ಥನೆ ಥರ ಸ್ಪಷ್ಟವಾಗಿ ಓದಿದರು. ಎಡಿಟರ್ ಅದನ್ನು ಯಂತ್ರಕ್ಕೆ ಕೊಟ್ಟ. 'ಇಂಥ ದನಿ ಸಿಗಲಿಲ್ಲ' ಅಂತ ಬಂತು. ಇನ್ನೊಂದು ಸಲ ಓದಿಸಿದೆವು. ಆಗಲೂ ಸಿಗಲಿಲ್ಲ. ಗಿರಣಿಯವರ ಮುಖ ಸಪ್ಪಗಾಯ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಹಿಂದಿನ ದಿನ ಶಿವಮೊಗ್ಗದಲ್ಲಿ ಗಿರಣಿಯವರ ನೆಂಟರ ಮದುವೆ ಇತ್ತು. ವಿಡಿಯೊ, ಫೋಟೊ ಎರಡೂ ನಮ್ಮದೇ. ಈಗೀಗ ಮಂಟಪದ ಬಾಗಿಲಲ್ಲಿ ನಾವೊಂದು ಕ್ಯೂಆರ್ ಚೀಟಿ ಅಂಟಿಸ್ತೀವಿ. ಬಂದವರು ಅದನ್ನು ಸ್ಕ್ಯಾನ್ ಮಾಡಿ ತಮ್ಮ ಮುಖದ ಒಂದು ಸೆಲ್ಫಿ ಕಳಿಸಿದರೆ ಆಯ್ತು. ಸಾವಿರಾರು ಫೋಟೊಗಳಲ್ಲಿ ಆ ಮುಖ ಎಲ್ಲೆಲ್ಲಿದೆಯೋ ಅಷ್ಟನ್ನೂ ಯಂತ್ರ ಹುಡುಕಿ ಅವರ ಮೊಬೈಲಿಗೇ ಕಳಿಸುತ್ತೆ. ಗುಂಪಿನಲ್ಲಿ ಹೆಬ್ಬೆರಳಿನಷ್ಟು ಕಂಡರೂ ಬಿಡಲ್ಲ. ನನಗಂತೂ ಅದು ಪವಾಡ. ಟೀಚರಮ್ಮ ಪಾಪ, ಅಪ್ಪನ ಫೋಟೊ ಬರಲಿ ಅಂತ ಅವರ ಮುಖ ತೆಗೆದು ಕಳಿಸಿದ್ದರು.

ಸರಿಯಾಗಿ ಆಗ ಅವರ ಮೊಬೈಲ್ ಟಿಣ್ ಅಂದಿತು. ಫೋಟೊ ಬಂದಿದ್ದವು. ಟೀಚರಮ್ಮ ಒಂದೊಂದೇ ಸರಿಸಿದರು. ಒಟ್ಟು ಮೂವತ್ತೇಳು. ಗಿರಣಿಯವರಿಗೆ ಸಕ್ಕರೆ ಕಾಯಿಲೆ, ಸಿಹಿ ಮುಟ್ಟೋ ಹಾಗಿಲ್ಲ. ಮೂವತ್ತೇಳರಲ್ಲೂ ಅವರ ಕೈಯಲ್ಲಿ ಜಿಲೇಬಿ ಇತ್ತು. ವಧೂವರರ ಹಿಂದೆ ಜಿಲೇಬಿ, ಕಂಬದ ಮರೆಯಲ್ಲಿ ಜಿಲೇಬಿ, ಆರತಿ ಮಾಡುವಾಗ ದೂರದಲ್ಲಿ ಸಣ್ಣದಾಗಿ ಕಾಣೋ ಕಿಟಕಿಯ ಆಚೆ ನಿಂತು ಜಿಲೇಬಿ.

"ಅಪ್ಪಾ, ಏನಿದು? ಒಂದೂ ಮುಟ್ಟಿಲ್ಲ ಅಂತ ನನ್ನ ತಲೆ ಮೇಲೆ ಕೈ ಇಟ್ಟು ಹೇಳ್ದೆಯಲ್ಲ? ಎಂಬತ್ತು ವರ್ಷಕ್ಕೆ ಕಂಬದ ಹಿಂದೆ ಬಚ್ಚಿಟ್ಕೊಂಡು ತಿನ್ನೋಕೆ ನಾಚಿಕೆ ಆಗ್ಲಿಲ್ವಾ ನಿಂಗೆ? ನಾಳೆ ಡಾಕ್ಟ್ರ ಹತ್ರ ಯಾರು ಬೈಸ್ಕೊಬೇಕು, ನೀನಾ ನಾನಾ?"

ಗಿರಣಿಯವರು ಎಲ್ಲದಕ್ಕೂ ತಲೆ ಆಡಿಸಿದರು. ಆ ದನಿ ಕೇಳಿ ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲ ತನಕ ಬಂದು ನೋಡಿ ಹೋದರು. ನಾನು ಸಮಾಧಾನ ಮಾಡೋಣ ಅಂತ ಎದ್ದೆ. ಎಡಿಟರ್ ನನ್ನ ತೋಳು ಹಿಡಿದು ಕೂರಿಸಿ, ತುಟಿ ಮೇಲೆ ಬೆರಳಿಟ್ಟ. ಮೈಕು ಆನ್ ಇತ್ತು.

ಎಲ್ಲ ತಣ್ಣಗಾದ ಮೇಲೆ ಗಿರಣಿಯವರು ಆ ಮೊಬೈಲ್ ಈಸ್ಕೊಂಡು ನೋಡಿ, ನನ್ನ ಕಡೆ ತಿರುಗಿದರು. "ಏನ್ ಯಂತ್ರ ಇಟ್ಟಿದೀರಪ್ಪ ನೀವು. ನನ್ನ ಹೆಂಡ್ತೀದು ಮೂರು ಮಾತು ಸಿಗಲ್ಲ, ನಂದು ಮೂವತ್ತೇಳು ಜಿಲೇಬೀನೂ ಸಿಗುತ್ತೆ."

೬. ಮೂರು ಮಾತು

ಎಡಿಟರ್ ಆ ಬೈಗುಳದಿಂದ ಹತ್ತು ಸೆಕೆಂಡು ಕತ್ತರಿಸಿ ಯಂತ್ರಕ್ಕೆ ಕೊಟ್ಟ. ಎಲ್ಲರೂ ಅಲ್ಲೇ ಕೂತಿದ್ದೆವು. ಪರದೆ ಮೇಲೆ ಒಂದು ಗೆರೆ ತೆವಳುತ್ತಾ ತೆವಳುತ್ತಾ ಮುಂದೆ ಹೋಯ್ತು. ಮಗಳು ಅಪ್ಪನ ಪಕ್ಕ ಬಂದು ಕೂತು ಅವರ ಕೈ ಹಿಡಿದುಕೊಂಡರು.

'ದನಿ ಸಿಕ್ಕಿದೆ' ಅಂತ ಬಂತು.

ಅಡಿಕೆ ಧಾರಣೆ ಓದಿದ ಮಗಳ ಗುರುತು ಯಂತ್ರಕ್ಕೆ ಹತ್ತಿರಲಿಲ್ಲ. ಜಿಲೇಬಿಗೆ ಬೈದ ಮಗಳ ದನಿ ಕೇಳಿದ ಕೂಡಲೇ ತಾಯಿಯನ್ನು ಹುಡುಕಿ ತಂದುಬಿಟ್ಟಿತ್ತು. ಎಡಿಟರ್ ಮೊದಲು ತಾನೊಬ್ಬನೇ ಹೆಡ್‌ಫೋನ್ ಹಾಕಿ ಕೇಳಿದ. ಹಿಂದಿನ ಸಲ ಆದ ಫಜೀತಿ ನೆನಪಿತ್ತಲ್ಲ, ಚಿತ್ರದಲ್ಲಿ ತುಟಿ ಆಡಿದ್ದಕ್ಕೂ ಮಾತಿಗೂ ಅಕ್ಷರ ಅಕ್ಷರ ಹೊಂದಿಸಿ ನೋಡಿದ. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ನೀರು, ಆದರೆ ತುಟಿ ಕಚ್ಚಿ ನಗು ತಡೀತಿದ್ದ.

"ಕೂಡುತ್ತೆ ಅಣ್ಣಾ. ಆಯಮ್ಮಂದೇ."

ಗಿರಣಿಯವರಿಗಿಂತ ಮೊದಲು ನಾನೂ ಅವರ ಮಗಳೂ ಸ್ಪೀಕರಿನಲ್ಲಿ ಕೇಳಿದೆವು. ದನಿ ಸ್ವಲ್ಪ ತಗಡಿನ ಡಬ್ಬದೊಳಗಿಂದ ಬಂದ ಹಾಗಿತ್ತು, ಆದರೆ ಒಂದೊಂದು ಮಾತೂ ಸ್ಪಷ್ಟ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಊರಿನ ವಾಲಗವೆಲ್ಲ ಸೇರಿ ಮುಚ್ಚಿಹಾಕಿದ ದನಿ, ಸತ್ತವರ ದನಿ, ನಮ್ಮ ಮಹಡಿಯಲ್ಲಿ ಬಂದು ನಿಂತಿತ್ತು.

ಚಿತ್ರದಲ್ಲಿ ಅಳಿಯ ತಾಳಿ ಎತ್ತಿದ್ದಾನೆ. ಅಕ್ಷತೆ ಬೀಳ್ತಾ ಇದೆ. ಗಿರಣಿಯವರ ಹೆಂಡತಿ ಗಂಡನ ಕಡೆ ತಿರುಗಿದರು.

"ರೀ, ನಿಮ್ಮ ಶಲ್ಯ ಜಾರಿ ನೆಲಕ್ಕೆ ಬೀಳ್ತಿದೆ, ಎತ್ಕೊಳ್ಳಿ."

ಚಿತ್ರದೊಳಗಿನ ಗಿರಣಿಯವರು ತಲೆ ಆಡಿಸಿದರು. ಶಲ್ಯ ಬಿತ್ತು.

"ನಾನು ಹೇಳಿದ್ದು ಕೇಳಿಸ್ತಾ?"

ತಲೆ ಆಡಿಸಿದರು.

ಆಯಮ್ಮ ಒಂದು ಕ್ಷಣ ಗಂಡನ ಮುಖವನ್ನೇ ನೋಡಿದರು. ಹುಬ್ಬಿನ ಮಧ್ಯದ ಗೆರೆ ಹಾಗೇ ಇತ್ತು, ಆದರೆ ನಗು ಬಂದುಬಿಟ್ಟಿತ್ತು.

"ಕೇಳಿಸಿಲ್ಲ ಅಂತ ನಂಗೊತ್ತು. ಕೇಳಿಸ್ದೆ ಇದ್ರೂ ತಲೆ ಆಡ್ಸೋದನ್ನ ಇವತ್ತಿಂದ ಬಿಡ್ತೀನಿ ಅಂತ ಮಗಳ ಮದುವೆ ದಿನ ಮಾತು ಕೊಡಿ."

ಗಿರಣಿಯವರು ಬಹಳ ಗಂಭೀರವಾಗಿ ತಲೆ ಆಡಿಸಿದರು.

ಟೀಚರಮ್ಮ ನಗೋಕೆ ಶುರು ಮಾಡಿದರು, ಅದು ಅಳು ಆಯ್ತು, ಮತ್ತೆ ನಗು ಆಯ್ತು. ಸೆರಗಿನಲ್ಲಿ ಮುಖ ಒತ್ತಿಕೊಂಡರು. ನಾನೂ ಗೋಡೆ ಕಡೆ ತಿರುಗಿ ನಿಂತೆ. ಗಿರಣಿಯವರಿಗೆ ಸ್ಪೀಕರಿನದು ಏನೂ ಹತ್ತಿರಲಿಲ್ಲ. ನಮ್ಮ ಮುಖಗಳನ್ನೇ ಗಾಬರಿಯಿಂದ ನೋಡ್ತಿದ್ದರು. "ಕಾಶೀನಾ?" ಅಂತ ಮೆಲ್ಲಗೆ ಕೇಳಿದರು.

ಎಡಿಟರ್ ಅವರ ಕಿವಿಯ ಮಿಷನ್ ತೆಗೆದಿಟ್ಟು, ದೊಡ್ಡ ಹೆಡ್‌ಫೋನ್ ಹಾಕಿ, ಸದ್ದನ್ನು ಪೂರ್ತಿ ಏರಿಸಿದ. ಅವರ ಮುಂದೆ ಚಿತ್ರ ಓಡಿತು. ಮೊದಲ ಮಾತಿಗೆ ಅವರ ಕೈ ತಾನಾಗಿ ಹೆಗಲಿಗೆ ಹೋಗಿ, ಇಲ್ಲದ ಶಲ್ಯವನ್ನು ಎತ್ತಿಕೊಂಡಿತು. ಎರಡನೇ ಮಾತಿಗೆ ಪರದೆ ಕಡೆ ಬಗ್ಗಿದರು. ಮೂರನೇದು ಮುಗಿದ ಮೇಲೆ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದರು. ಕೆನ್ನೆ ಮೇಲೆ ನೀರು ಇಳೀತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

"ಕಾಶಿ ಅಲ್ಲ," ಅಂದರು. ಹೆಡ್‌ಫೋನ್ ಹಾಕಿಕೊಂಡವರ ಮಾತು ಜೋರಾಗಿರುತ್ತಲ್ಲ, ಕೆಳಗಿನ ಅಂಗಡಿ ತನಕ ಕೇಳೋ ಹಾಗೆ ಅಂದರು. "ಇದನ್ನ ದಿನಕ್ಕೆ ನಾಲ್ಕು ಸಲ ಹೇಳ್ತಿದ್ಲು ಮಾರಾಯ್ರೇ. ಒಂದ್ಸಲಾನೂ ಕೇಳಿಸಿರ್ಲಿಲ್ಲ ನೋಡಿ. ಇನ್ನೊಂದ್ಸಲ ಹಾಕಿ."

ಎಡಿಟರ್ ಇನ್ನೊಂದು ಸಲ ಹಾಕಿದ. ಅದು ಮುಗಿದ ಮೇಲೆ ಮತ್ತೊಂದು ಸಲ. ಏಳನೇ ಸಲ ಓಡ್ತಾ ಇದ್ದಾಗ ಮಗಳು ಕಣ್ಣೊರೆಸಿಕೊಂಡು, ಅಪ್ಪನ ಮುಂದೆ ಮಂಡಿಯೂರಿ ಕೂತು, ಅವರ ಎರಡೂ ಕೈ ಹಿಡಿದು ಕೇಳಿದರು.

"ಅಪ್ಪ, ಅಮ್ಮಂಗೆ ಮಾತು ಕೊಟ್ಟಿದೀಯ. ಇನ್ಮೇಲಾದ್ರೂ ಕೇಳಿಸ್ದೆ ತಲೆ ಆಡಿಸಲ್ಲ ತಾನೇ?"

ಹೆಡ್‌ಫೋನ್ ಇನ್ನೂ ಅವರ ಕಿವಿ ಮೇಲೇ ಇತ್ತು. ಗಿರಣಿಯವರು ಮಗಳ ಮುಖವನ್ನು ಪ್ರೀತಿಯಿಂದ ನೋಡಿ, ನಿಧಾನವಾಗಿ ತಲೆ ಆಡಿಸಿದರು.